ತುಂಬೆಯ ದೂರದ ನೆಂಟ, ಬಿಳಿ ಸೇಜ್

ಹೋದ ಸಂಚಿಕೆಯಲ್ಲಿ ಶಿರಸಿಯ ಓದುಗಿಯೊಬ್ಬರ ಪತ್ರವನ್ನಷ್ಟೇ ಅಚ್ಚುಹಾಕಿ, ಉತ್ತರ ಮುಂದಿನ ತಿಂಗಳಿಗೆ ಎಂದಿದ್ದೆ. ಅಷ್ಟರಲ್ಲಿ ಅದೇ ಗಿಡದ ಬಗ್ಗೆ ಇನ್ನಷ್ಟು ಪತ್ರಗಳು ಬಂದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಗಿಡಕ್ಕೇ.

ಪ್ರಶ್ನೆ: ಮೇಡಂ, ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮೈದುನ ಈ ಸಲ ಊರಿಗೆ ಬಂದಾಗ ಬೂದುಬಿಳಿ ಎಲೆಗಳ ಒಂದು ಕಟ್ಟು ತಂದುಕೊಟ್ಟ. ಗೇಣುದ್ದ ಇದೆ, ದಾರ ಸುತ್ತಿ ಬಿಗಿದಿದ್ದಾರೆ. ‘ವೈಟ್ ಸೇಜ್’ ಅಂತೆ. ಹೊತ್ತಿಸಿ ಮನೆಯೆಲ್ಲ ಹೊಗೆ ಹಾಕಿದರೆ ಕೆಟ್ಟದ್ದು ಹೊರಗೆ ಹೋಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದೆ. ಅತ್ತೆ ಅದನ್ನು ದೇವರ ಕೋಣೆಯಲ್ಲಿ ಧೂಪದ ಪಕ್ಕ ಇಟ್ಟಿದ್ದಾರೆ. ಇದು ಯಾವ ಗಿಡ? ನಮಗೆ ತುಳಸಿ ಇದ್ದ ಹಾಗೆ ಅಲ್ಲಿಯವರಿಗೆ ಇದೋ?
– ಓದುಗಿ, ಶಿರಸಿ

ಉತ್ತರ: ನಿಮ್ಮ ಪತ್ರ ಓದುತ್ತಿದ್ದ ಹಾಗೇ ಆ ವಾಸನೆ ಮೂಗಿಗೆ ಬಂತು. 2019ರಲ್ಲಿ ಮಗಳ ಬಾಣಂತನಕ್ಕೆಂದು ಸ್ಯಾನ್ ಡಿಯಾಗೋಗೆ ಹೋದವಳು ನಾಲ್ಕು ತಿಂಗಳು ಅಲ್ಲಿದ್ದೆ. ಬೆಳಿಗ್ಗೆ ಮಗುವಿಗೆ ನೀರು ಹಾಕಿ ಮಲಗಿಸಿದ ಮೇಲೆ ಅಳಿಯ ನನ್ನನ್ನು ಮಿಷನ್ ಟ್ರೇಲ್ಸ್ ಎಂಬ ಗುಡ್ಡಗಾಡಿನ ಉದ್ಯಾನದ ಬಾಗಿಲಲ್ಲಿ ಇಳಿಸಿ ಕೆಲಸಕ್ಕೆ ಹೋಗುತ್ತಿದ್ದ. ಮೊದಲನೇ ದಿನ ದೂರದಿಂದ ನೋಡಿ, ಆ ಪೊದೆಗಳ ಮೇಲೆ ಯಾರೋ ಸುಣ್ಣದ ನೀರು ಎರಚಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ ಎಲೆಯ ಬಣ್ಣವೇ ಅದು. ಮೈತುಂಬ ಸಣ್ಣ ಬಿಳಿ ರೋಮ. ಸುಡುವ ಬಿಸಿಲನ್ನು ಹಿಂದಕ್ಕೆ ಹೊಡೆಯುವುದಕ್ಕೆ, ಇರುವ ಚೂರು ನೀರನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಗಿಡ ಮಾಡಿಕೊಂಡ ಏರ್ಪಾಡು. ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿದೆ, ಕೈಗೆ ಅಂಟಂಟಾಯಿತು. ನೀಲಗಿರಿ ಎಣ್ಣೆಗೆ ಪಚ್ಚ ಕರ್ಪೂರ ಕಲಸಿದ ಹಾಗಿನ ವಾಸನೆ. ಆ ಹೋಲಿಕೆ ಬರೀ ನನ್ನ ಮೂಗಿನದಲ್ಲ. ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಈ ಎಲೆಯಲ್ಲೂ ಹೇರಳ, ಕರ್ಪೂರದ ಅಂಶವೂ ಇದೆ.

ಆಮೇಲೆ ಮಾಡಿದ್ದು, ಮೂವತ್ತು ವರ್ಷ ಮಕ್ಕಳಿಗೆ ತರಗತಿಯಲ್ಲಿ ಮಾಡಿಸುತ್ತಿದ್ದ ಪರೀಕ್ಷೆ. ಕಾಂಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿದೆ. ಉರುಳಲಿಲ್ಲ, ನಾಲ್ಕು ಮೂಲೆ ಕೈಗೆ ಸಿಕ್ಕಿತು. ಚೌಕ ಕಾಂಡ, ಎದುರುಬದುರು ಎಲೆ, ಎರಡು ತುಟಿಯ ಹೂವು, ಜೊತೆಗೆ ಪರಿಮಳ. ತುಳಸಿ, ಪುದೀನ, ಕಾಮಕಸ್ತೂರಿ, ದೊಡ್ಡಪತ್ರೆ, ನಮ್ಮ ಗದ್ದೆಯಂಚಿನ ತುಂಬೆ, ಎಲ್ಲವೂ ಇದೇ ಕುಟುಂಬದವು. ತುಂಬೆ ಹೂವನ್ನು ಕಿತ್ತು ಅದರ ಬುಡ ಚೀಪದ ಬಾಲ್ಯ ಯಾರದಿದೆ! ಅಷ್ಟು ದೂರದ ಬೆಟ್ಟದಲ್ಲಿ ನಮ್ಮವರೊಬ್ಬರು ಸಿಕ್ಕ ಹಾಗಾಯಿತು ನನಗೆ.

ನಿಮ್ಮ ಕಟ್ಟಿನಲ್ಲಿರುವುದು ಸಾಲ್ವಿಯಾ ಏಪಿಯಾನ. ಜಗತ್ತಿನಲ್ಲಿ ಇದು ತಾನಾಗಿ ಬೆಳೆಯುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಅದಕ್ಕೆ ತಾಗಿಕೊಂಡ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ವಾಯವ್ಯ ಅಂಚಿನಲ್ಲಿ, ಅಷ್ಟೆ. ಕರಾವಳಿ ಗುಡ್ಡಗಳಿಂದ ಹಿಡಿದು ಮರುಭೂಮಿ ಶುರುವಾಗುವ ತನಕ. ನಾಲ್ಕೈದು ಅಡಿಯ ಪೊದೆ. ಹೂದೇಟು ಬಂತೆಂದರೆ ಅದು ಪೊದೆಯ ಮೇಲೆ ಮತ್ತೂ ಮೂರು ನಾಲ್ಕು ಅಡಿ ಏರುತ್ತದೆ.

ತುಳಸಿಯ ಹಾಗೆಯೇ ಎಂದು ಕೇಳಿದಿರಿ. ಪೂಜ್ಯ ಹೌದು, ಆದರೆ ರೀತಿ ಬೇರೆ. ತುಳಸಿ ನಮ್ಮ ಅಂಗಳಕ್ಕೆ ಬಂದು ಕಟ್ಟೆ ಏರಿ ಕುಳಿತವಳು. ಬಿಳಿ ಸೇಜ್ ಬೆಟ್ಟದಲ್ಲೇ ಇರುವ ಗಿಡ, ಬೇಕಾದವರು ಅದರ ಬಳಿಗೆ ಹೋಗಬೇಕು. ಕುಮಿಯಾಯ್, ಕವಿಯಾ, ಲುಯಿಸೆನ್ಯೊ, ಟೊಂಗ್ವಾ, ಚುಮಾಶ್ ಮುಂತಾದ ಮೂಲನಿವಾಸಿಗಳಿಗೆ ಅದು ಪ್ರಾರ್ಥನೆಯ ಗಿಡ ಮಾತ್ರವಲ್ಲ, ಊಟದ್ದು, ಔಷಧಿಯದು, ದಿನಬಳಕೆಯದು. ಬೀಜ ಬಡಿದು ಬುಟ್ಟಿಗೆ ಉದುರಿಸಿಕೊಂಡು, ಹುರಿದು ಬೀಸಿ, ನಮ್ಮ ಹುರಿಹಿಟ್ಟಿನ ಹಾಗೆ ಮಾಡಿ ಅಂಬಲಿ ಕಾಸುತ್ತಿದ್ದರು. ಎಲೆಯನ್ನು ನೀರಿಗೆ ಹಾಕಿ ತಲೆ ತೊಳೆಯುತ್ತಿದ್ದರು, ಮಲೆನಾಡಿನಲ್ಲಿ ಮತ್ತಿಸೊಪ್ಪು ಹಾಕುತ್ತೇವಲ್ಲ, ಹಾಗೆ. ಬೇಟೆಗೆ ಹೊರಡುವವರು ಮನುಷ್ಯರ ವಾಸನೆ ಮಿಗಕ್ಕೆ ಹತ್ತಬಾರದೆಂದು ಎಲೆ ಹಿಚುಕಿ ಮೈಗೆ ಉಜ್ಜಿಕೊಳ್ಳುತ್ತಿದ್ದರು. ಕಣ್ಣಿಗೆ ಧೂಳು ಬಿದ್ದರೆ ರೆಪ್ಪೆಯೊಳಗೆ ಒಂದು ಬೀಜ ಇಡುವುದೂ ಇತ್ತು. ಬೀಜ ತೇವಕ್ಕೆ ಲೋಳೆಗಟ್ಟಿ ಕಸವನ್ನು ಅಂಟಿಸಿಕೊಂಡು ಹೊರಗೆ ಬರುತ್ತದೆ. ಕಾಮಕಸ್ತೂರಿ ಬೀಜ ನೀರಿನಲ್ಲಿ ಉಬ್ಬುವುದನ್ನು ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. (ದಯವಿಟ್ಟು ಯಾರೂ ಮನೆಯಲ್ಲಿ ಕಣ್ಣಿಗೆ ಬೀಜ ಹಾಕಿಕೊಳ್ಳಬೇಡಿ.)

ಇನ್ನೊಂದು ಸಂಗತಿ ಓದಿದಾಗ ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕವಿಯಾ ಹೆಂಗಸರು ಹೆರಿಗೆಯಾದ ಮೇಲೆ ಕಸ ಪೂರ್ತಿ ಬೀಳಲೆಂದು ಈ ಗಿಡದ ಬೇರನ್ನು ಬಳಸುತ್ತಿದ್ದರಂತೆ. ನಾನು ಆಗ ಮಗಳಿಗೆ ಮೆಣಸಿನ ಸಾರು, ಶುಂಠಿ ಲೇಹ್ಯ ಮಾಡಿಕೊಡುತ್ತಿದ್ದ ದಿನಗಳು. ನಾನು ದಿನವೂ ನಡೆಯುತ್ತಿದ್ದ ಆ ದಾರಿಗಳ ನಾಡಿನಲ್ಲೇ ಎಷ್ಟು ಅಮ್ಮಂದಿರು ತಂತಮ್ಮ ಮಕ್ಕಳ ಬಾಣಂತನಕ್ಕೆ ಈ ಬೇರು ಹುಡುಕಿಕೊಂಡು ಬಂದಿದ್ದರೋ.

ಕಟ್ಟನ್ನು ಏನು ಮಾಡುವುದು ಎಂದು ನೀವು ಕೇಳಿಲ್ಲ. ಕೆಳಗೆ ನಾಲ್ಕನೆಯ ಉತ್ತರ ಓದಿದರೆ ಕೇಳಬೇಕೆನ್ನಿಸಬಹುದು. ಎಸೆಯಬೇಡಿ. ಬಂದದ್ದು ಬಂದಿದೆ, ಇಟ್ಟುಕೊಳ್ಳಿ. ಅತ್ತೆಗೆ ಅದರ ಊರು ಯಾವುದು, ಅಲ್ಲಿ ಯಾರು ಅದನ್ನು ಕೈಮುಗಿದು ಕೀಳುತ್ತಾರೆ ಎಂದು ಹೇಳಿ. ಮೈದುನನಿಗೆ ಮಾತ್ರ, ಮುಂದಿನ ಸಲ ತರಬೇಡ ಎನ್ನಿ.

ಪ್ರಶ್ನೆ: ಕೌಬಾಯ್ ಸಿನಿಮಾಗಳಲ್ಲಿ ಬಯಲಿನ ತುಂಬ ಕಾಣುವ ಬೂದು ಗಿಡ ‘ಸೇಜ್‌ಬ್ರಷ್’ ಇದೇನಾ? ಪಾರ್ಕುಗಳಲ್ಲಿ ಕೆಂಪಗೆ ಸಾಲಾಗಿ ಬೆಳೆಸುವ ಸಾಲ್ವಿಯಾ?
– ಬಿ.ಎಸ್‌ಸಿ. ವಿದ್ಯಾರ್ಥಿ, ಮೈಸೂರು

ಉತ್ತರ: ಕೆಂಪು ಸಾಲ್ವಿಯಾ ಹೌದು, ಇದೇ ಕುಲ. ಅದರ ತವರು ಬ್ರೆಜಿಲ್. ಸಾಲ್ವಿಯಾ ಕುಲದಲ್ಲಿ ಸುಮಾರು ಸಾವಿರ ಜಾತಿಗಳಿವೆ. ಈಗ ಎಲ್ಲರೂ ನೆನೆಸಿ ಕುಡಿಯುವ ಚಿಯಾ ಕೂಡ ಒಂದು ಸಾಲ್ವಿಯಾ, ಮೆಕ್ಸಿಕೋ ಕಡೆಯದು.

ಸೇಜ್‌ಬ್ರಷ್ ಮಾತ್ರ ಬೇರೆಯೇ. ಅದು ಸೇವಂತಿಗೆಯ ಕುಟುಂಬದ ಆರ್ಟಿಮಿಸಿಯಾ. ನಿಮಗೆ ಪರಿಚಯವಿಲ್ಲದ ಗಿಡವೇನಲ್ಲ: ಹೂವಾಡಗಿತ್ತಿಯರು ಮಾಲೆಗೆ ಸೇರಿಸುವ ದವನ ಒಂದು ಆರ್ಟಿಮಿಸಿಯಾ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಎಂದು ಹೆಸರು ಬಂದದ್ದು ಅದರಿಂದಲೇ. ಅಮೆರಿಕದ ನಡುಬಯಲಿನ ಮೂಲನಿವಾಸಿಗಳು ತಮ್ಮ ಆಚರಣೆಗಳಲ್ಲಿ ಬಳಸುವ, ಅವರೂ ‘ಬಿಳಿ ಸೇಜ್’ ಎಂದೇ ಕರೆಯುವ ಗಿಡವೂ ಆರ್ಟಿಮಿಸಿಯಾವೇ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು ಬಿದ್ದು, ಬಯಲಿನವರ ಪದ್ಧತಿಯನ್ನು ಬೆಟ್ಟದ ಗಿಡಕ್ಕೂ ಬೆಟ್ಟದವರದ್ದನ್ನು ಬಯಲಿನ ಗಿಡಕ್ಕೂ ಅಂಟಿಸಿ ಬರೆಯುವವರು ಬಹಳ ಮಂದಿ. ನೀವು ನೆನಪಿಟ್ಟುಕೊಳ್ಳುವುದು ಸುಲಭ, ಒಂದು ತುಳಸಿಯ ಕಡೆಯದು, ಇನ್ನೊಂದು ದವನದ ಕಡೆಯದು. ಕಾಂಡ ಹೊರಳಿಸಿ ನೋಡಿದರೆ ಆಯಿತು.

ಪ್ರಶ್ನೆ: ಏಪಿಯಾನ ಎಂದರೆ ಜೇನಿಗೆ ಸಂಬಂಧಿಸಿದ್ದು ಎಂದು ಓದಿದೆ. ಎಲ್ಲ ಹೂವಿಗೂ ಜೇನು ಬರುತ್ತದೆ. ಇದಕ್ಕೇ ಯಾಕೆ ಆ ಹೆಸರು?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಸರ್, ನಿಮ್ಮ ಪ್ರಶ್ನೆಗೆ ಈ ಪತ್ರಿಕೆಯ ಎಲ್ಲ ಪುಟ ಕೊಟ್ಟರೂ ನನಗೆ ಸಾಲದು.

ಹೆಸರಿಟ್ಟವರು ಕ್ಯಾಲಿಫೋರ್ನಿಯಾದ ಸಸ್ಯವಿಜ್ಞಾನಿ ವಿಲ್ಲಿಸ್ ಲಿನ್ ಜೆಪ್ಸನ್, 1908ರಲ್ಲಿ. ಲ್ಯಾಟಿನ್ನಿನಲ್ಲಿ ಏಪಿಸ್ ಎಂದರೆ ಜೇನುನೊಣ. ಆ ಬೆಟ್ಟಗಳ ಸೇಜ್ ಜೇನುತುಪ್ಪ ಅಲ್ಲಿ ಹೆಸರುವಾಸಿ, ತಿಳಿ ಬಣ್ಣದ್ದು. ಆದರೆ ಹೂವಿನ ರಚನೆ ನೋಡಿದರೆ ಅದು ಜೇನುನೊಣಕ್ಕಿಂತ ದೊಡ್ಡ ಅತಿಥಿಗೆ ಕಾದು ಕೂತ ಹೂವು.

ಸಾಮಾನ್ಯವಾಗಿ ಈ ಕುಟುಂಬದ ಹೂವಿನಲ್ಲಿ ಕೆಳತುಟಿ ಜಗಲಿಯ ಹಾಗೆ ಮುಂದೆ ಚಾಚಿರುತ್ತದೆ, ಕೀಟ ಬಂದು ಅದರ ಮೇಲೆ ಕೂರುತ್ತದೆ. ಬಿಳಿ ಸೇಜ್‌ನಲ್ಲಿ ಆ ಜಗಲಿ ಮೇಲಕ್ಕೆ ಮಡಿಚಿಕೊಂಡು ಬಾಗಿಲನ್ನೇ ಮುಚ್ಚಿದೆ. ಎರಡು ಕೇಸರಗಳೂ ಹೂವಿನ ಬಾಯಿಂದ ದೂರ, ಎಡಕ್ಕೊಂದು ಬಲಕ್ಕೊಂದು ತೋಳು ಚಾಚಿದ ಹಾಗೆ ಹೊರಗೆ ನಿಂತಿವೆ. ಪರಾಗವನ್ನು ತುದಿಯಲ್ಲಿ ಪಡೆಯುವ ಹೆಣ್ಣುಭಾಗವಾದ ಶಲಾಕೆಯೂ ಒಂದು ಬದಿಗೆ ಬಾಗಿದೆ. ಮೊದಲ ಸಲ ಕೈಮಸೂರದಲ್ಲಿ ನೋಡಿ ಇದು ಯಾವ ಲೆಕ್ಕ ಎಂದು ತಿಳಿಯಲಿಲ್ಲ. ಪರಾಗ ಅಲ್ಲಿ, ಮಕರಂದ ಇಲ್ಲಿ. ಸಣ್ಣ ನೊಣ ಬಂದರೆ ಕೇಸರಕ್ಕೆ ತಾಗದೆಯೇ ಮಕರಂದ ಕುಡಿದು ಹೋಗಬಹುದಲ್ಲ.

ಮೂರನೆಯ ದಿನ ಉತ್ತರ ಹಾರಿ ಬಂತು. ಬಡಗಿ ಜೇನು. ನಮ್ಮ ಜಂತೆ, ಬಿದಿರು ಕೊರೆಯುವ ಕರಿದುಂಬಿಯ ಜಾತಿಯದು. ಆ ಝೇಂಕಾರ ಹಿಂದಿನಿಂದ ಕೇಳಿದಾಗ ನಮ್ಮ ಅಟ್ಟದಲ್ಲೇ ನಿಂತ ಹಾಗಾಯಿತು. ಅದು ಬಂದು ಹೂವನ್ನು ಅಪ್ಪಿ ಹಿಡಿಯಿತು. ಅದರ ತೂಕಕ್ಕೆ ಮಡಿಚಿದ ಕೆಳತುಟಿ ಕೆಳಕ್ಕೆ ಜಗ್ಗಿತು, ಬಾಗಿಲು ತೆರೆಯಿತು. ಅದೇ ಹೊತ್ತಿಗೆ ಚಾಚಿದ್ದ ಕೇಸರಗಳು ದುಂಬಿಯ ಎರಡೂ ಮಗ್ಗುಲಿಗೆ, ರೆಕ್ಕೆಗೆ ಒರಸಿದವು. ಮುಂದಿನ ಹೂವಿಗೆ ಹೋದಾಗ ಅದೇ ಜಾಗ ಶಲಾಕೆಯ ತುದಿಗೆ ತಾಗುತ್ತದೆ. ದೊಡ್ಡ ಬಂಬಲ್‌ಬೀ ಜಾತಿಗಳೂ ಈ ಕೆಲಸ ಮಾಡುತ್ತವೆ. ಮೈಯಳತೆ ಇಲ್ಲದ ಕೀಟ ಬಂದರೆ ಹೂವಿಗೆ ಅಷ್ಟು ಪ್ರಯೋಜನವಿಲ್ಲ.

ಇದನ್ನು ಕೂಲಂಕಷವಾಗಿ ನೋಡಿ ಬರೆದವರು ವರ್ನ್ ಗ್ರಾಂಟ್ ಮತ್ತು ಕ್ಯಾರೆನ್ ಗ್ರಾಂಟ್ ದಂಪತಿ, 1964ರಲ್ಲಿ. ಅದೇ ಬೆಟ್ಟದಲ್ಲಿ, ಎಷ್ಟೋ ಕಡೆ ಪಕ್ಕಪಕ್ಕದಲ್ಲೇ, ಕರಿ ಸೇಜ್ ಎಂಬ ಇನ್ನೊಂದು ಜಾತಿ ಬೆಳೆಯುತ್ತದೆ. ಅದರ ಹೂವು ಚಿಕ್ಕದು, ಚಿಕ್ಕ ಜೇನುಗಳಿಗೆ ಹೊಂದುವಂಥದ್ದು. ಎರಡನ್ನೂ ಕೈಯಿಂದ ಸಂಕರ ಮಾಡಿದರೆ ಮಿಶ್ರ ಗಿಡ ಬರುತ್ತದೆ. ಬೆಟ್ಟದಲ್ಲೂ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಆದರೂ ಎರಡು ಜಾತಿಗಳು ಕರಗಿ ಒಂದಾಗಿಲ್ಲ. ಬರುವ ಅತಿಥಿಗಳ ಗಾತ್ರ ಬೇರೆ, ಪರಾಗ ಅಂಟುವ ಜಾಗ ಬೇರೆ, ಹೂ ಬಿಡುವ ಕಾಲವೂ ಸ್ವಲ್ಪ ಹಿಂದುಮುಂದು. ಬೇಲಿ ಇಲ್ಲದೆ ಎರಡು ಮನೆತನ ಬೇರೆಯಾಗಿ ಉಳಿದ ಬಗೆ ಇದು. ಜೀವವಿಕಾಸ ಕಲಿಸುವವರಿಗೆ ಇದಕ್ಕಿಂತ ಚೆಂದದ ಉದಾಹರಣೆ ನಾನು ಕಂಡಿಲ್ಲ. ತರಗತಿಯಲ್ಲಿ ಇಷ್ಟು ವರ್ಷ ಇದನ್ನು ಹೇಳಲಿಲ್ಲವಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಪ್ರಶ್ನೆ: ನಾನು ಯೋಗ ಕಲಿಸುತ್ತೇನೆ. ತರಗತಿಗೆ ಮುಂಚೆ ಆನ್‌ಲೈನಿನಲ್ಲಿ ತರಿಸಿದ ಬಿಳಿ ಸೇಜ್ ಹೊತ್ತಿಸುತ್ತೇನೆ. ಅದರ ಹೊಗೆಯಿಂದ ಗಾಳಿಯ ಶೇಕಡಾ 94ರಷ್ಟು ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ಸಂಶೋಧನೆ ಹೇಳಿದೆಯಂತೆ. ಒಬ್ಬ ವಿದ್ಯಾರ್ಥಿನಿ ಮಾತ್ರ ಇದು ತಪ್ಪು, ಬೇರೆಯವರ ದೇವರ ವಸ್ತು ಎನ್ನುತ್ತಾಳೆ. ನಮ್ಮ ಅಗರಬತ್ತಿಯನ್ನು ಜಗತ್ತೆಲ್ಲ ಹಚ್ಚುತ್ತದೆ, ನಾವು ಬೇಡ ಅಂದಿದ್ದೇವೆಯೇ?
– ಓದುಗರು, ಬೆಂಗಳೂರು

ಉತ್ತರ: ಮೊದಲು ಆ 94ರ ವಿಷಯ. ಸಂಶೋಧನೆ ನಡೆದದ್ದು ನಿಜ, ಪ್ರಕಟವಾದದ್ದು 2007ರಲ್ಲಿ. ಆದರೆ ಮಾಡಿದವರು ನಮ್ಮ ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯವರು. ಸುಟ್ಟದ್ದು ಬಿಳಿ ಸೇಜ್ ಅಲ್ಲ, ಹವನ ಸಾಮಗ್ರಿ! ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆ ಹೊಗೆ ಹಾಕಿ ಅಳೆದ ಲೆಕ್ಕ ಅದು. ಯಾರೋ ಅದನ್ನು ಎತ್ತಿ ಸೇಜ್ ಕಟ್ಟಿನ ಜಾಹೀರಾತಿಗೆ ಹಾಕಿದರು, ಜಗತ್ತು ಸುತ್ತಿ ಅದು ನಿಮ್ಮ ಮನೆಗೆ ವಾಪಸು ಬಂದಿದೆ. ಮುಚ್ಚಿದ ಕೋಣೆಯಲ್ಲಿ ಹೊಗೆ ಯಾವ ಎಲೆಯದಾದರೂ ಉಬ್ಬಸ ಇರುವವರಿಗೆ ಕಷ್ಟ. ಉಸಿರಾಟದ ತರಗತಿಗೆ ಮುಂಚೆ ಹಾಕುವ ಮೊದಲು ಇದನ್ನೂ ಯೋಚಿಸಿ.

ಅಗರಬತ್ತಿಯ ಮಾತು. ಅದನ್ನು ನಾವೇ ಹೊಸೆದು, ನಾವೇ ಮಾರಿ, ಅದರಿಂದ ಬದುಕುತ್ತೇವೆ. ಬಿಳಿ ಸೇಜ್ ಹಾಗಲ್ಲ. 1769ರಲ್ಲಿ ಸ್ಪೇನಿನವರು ಸ್ಯಾನ್ ಡಿಯಾಗೋದಲ್ಲಿ ಮಿಷನ್ ಕಟ್ಟಿದಾಗಿನಿಂದ ಆ ಬೆಟ್ಟದ ಜನ ಭೂಮಿಯನ್ನೂ ಭಾಷೆಯನ್ನೂ ಕಳೆದುಕೊಳ್ಳುತ್ತ ಬಂದರು. 1883ರಲ್ಲಿ ಅಮೆರಿಕ ಸರಕಾರ ಮೂಲನಿವಾಸಿಗಳ ಕುಣಿತ, ಆಚರಣೆ, ಅವರ ವೈದ್ಯರ ಪದ್ಧತಿಗಳನ್ನೇ ಅಪರಾಧವೆಂದು ನಿಯಮ ಮಾಡಿತು. ಪಡಿತರ ತಡೆಯುವುದು, ಸೆರೆಗೆ ಹಾಕುವುದು ಶಿಕ್ಷೆ. ಅವರ ಧಾರ್ಮಿಕ ಸ್ವಾತಂತ್ರ್ಯವನ್ನು ಕಾಯುತ್ತೇವೆ ಎಂಬ ಕಾನೂನು ಬರಲು 1978 ಆಗಬೇಕಾಯಿತು. ಅಜ್ಜಿ ಕದ್ದುಮುಚ್ಚಿ ಹಚ್ಚಿದ ಎಲೆಯನ್ನು ಮೊಮ್ಮಗಳು ಇಂದು ಅಂಗಡಿಯ ಕಪಾಟಿನಲ್ಲಿ, ಯಾರದೋ ಹೆಸರಿನ ಡಬ್ಬಿಯಲ್ಲಿ ನೋಡುತ್ತಾಳೆ. ನಿಮ್ಮ ವಿದ್ಯಾರ್ಥಿನಿ ಹೇಳುತ್ತಿರುವುದು ಇದನ್ನು. ನಾನು ಅವಳ ಕಡೆಗೇ.

ಗಿಡದ ಕಡೆಯಿಂದಲೂ ಮಾತಿದೆ. ಮಾರುಕಟ್ಟೆಗೆ ಬರುವುದರಲ್ಲಿ ಬಹಳಷ್ಟು ತೋಟದ್ದಲ್ಲ, ಕಾಡಿನಿಂದ ಕುಯ್ದದ್ದು. 2018ರಲ್ಲಿ ಸ್ಯಾನ್ ಬರ್ನಾರ್ಡಿನೊ ಜಿಲ್ಲೆಯ ನಾರ್ತ್ ಎಟಿವಾಂಡ ಎಂಬ ಸಂರಕ್ಷಿತ ಪ್ರದೇಶದಲ್ಲಿ ನಾಲ್ವರನ್ನು ಹಿಡಿದರು. ಅವರ ಬಳಿ ಇದ್ದದ್ದು 400 ಪೌಂಡ್ ಬಿಳಿ ಸೇಜ್, ಹತ್ತಿರ ಹತ್ತಿರ 180 ಕಿಲೊ. ಎಲೆ ಎಷ್ಟು ಹಗುರ ಎಂದು ಕಟ್ಟು ಕೈಯಲ್ಲಿ ಹಿಡಿದ ನಿಮಗೆ ಗೊತ್ತು. ಅಷ್ಟು ತೂಕಕ್ಕೆ ಎಷ್ಟು ಪೊದೆ ಬೋಳಾಗಿರಬೇಕು ಲೆಕ್ಕ ಹಾಕಿ. ಕ್ಯಾಲಿಫೋರ್ನಿಯಾದಲ್ಲಿ ಬೇರೆಯವರ ನೆಲದಿಂದ ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಗಿಡ ಕುಯ್ಯುವುದು ಅಪರಾಧ. ಆದರೆ ಬೆಟ್ಟ ದೊಡ್ಡದು, ಕಾಯುವವರು ಕಡಿಮೆ. ತುದಿ ಕುಯ್ದರೆ ಆ ವರ್ಷದ ಹೂವು ಹೋಯಿತು, ಹೂವು ಹೋದರೆ ದುಂಬಿಯ ಊಟ ಹೋಯಿತು, ಬೀಜವೂ ಹೋಯಿತು. ಇದರ ಮೇಲೆ, ಕರಾವಳಿಯ ಆ ಕುರುಚಲು ಕಾಡಿನ ಬಹುಪಾಲು ಆಗಲೇ ಮನೆ, ರಸ್ತೆಗಳಾಗಿದೆ. ಗಿಡ ಅಳಿವಿನಂಚಿನ ಸರಕಾರಿ ಪಟ್ಟಿಯಲ್ಲಿಲ್ಲ ನಿಜ. ಪಟ್ಟಿಗೆ ಸೇರುವ ತನಕ ಕಾಯಬೇಕೇ?

ಬೆಟ್ಟದ ಆ ಜನ ಪ್ರಾರ್ಥನೆಗೆ ಕಟ್ಟುಗಟ್ಟಲೆ ಸುಡುವುದಿಲ್ಲ, ಒಂದೆರಡು ಎಲೆ ಸಾಕು. ಕೀಳುವ ಮುಂಚೆ ಗಿಡದ ಅನುಮತಿ ಕೇಳುತ್ತಾರೆ, ಬೇಕಾದಷ್ಟೇ ತೆಗೆಯುತ್ತಾರೆ. ಸಂಜೆಯಾದ ಮೇಲೆ ಗಿಡ ಮಲಗಿರುತ್ತದೆ ಎಂದು ತುಳಸಿಗೆ ಕೈ ಹಾಕದ ನಮ್ಮ ಅಜ್ಜಿಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಂದು ಮಾತು ನಾನೂ ಒಪ್ಪಿಕೊಳ್ಳಬೇಕು. ಅಲ್ಲಿಗೆ ಹೋದ ಮೊದಲ ವಾರ ಒಂದು ಅಂಗಡಿಯಲ್ಲಿ ನಾನೂ ಮೂರು ಕಟ್ಟು ಕೊಂಡಿದ್ದೆ, ಊರಲ್ಲಿ ಹಂಚಲೆಂದು. ಎಲ್ಲಿಯದು ಎಂದು ಕೇಳಿದರೆ ಅಂಗಡಿಯವರಿಗೆ ಗೊತ್ತಿರಲಿಲ್ಲ. ಆಮೇಲೆ ಬೆಟ್ಟದಲ್ಲಿ ಗಿಡವನ್ನು ಹೂವಿನ ಸಮೇತ ನೋಡಿದೆ. ಆ ಕಟ್ಟುಗಳನ್ನು ಯಾರಿಗೂ ಕೊಡಲು ಮನಸ್ಸು ಬರಲಿಲ್ಲ. ಒಂದು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ, ಹಚ್ಚಿಲ್ಲ. ನೀವು ತರಗತಿಗೆ ಧೂಪವನ್ನೇ ಹಾಕಿ, ಕಿಟಕಿ ತೆರೆದಿಡಿ. ಆ ವಿದ್ಯಾರ್ಥಿನಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ಬೀಜ ತರಿಸಿ ಕುಂಡದಲ್ಲಿ ಬೆಳೆಸಬಹುದೇ?
– ಗೃಹಿಣಿ, ಮಂಗಳೂರು

ಉತ್ತರ: ಮಂಗಳೂರಿನಲ್ಲಿ ಬೇಡಮ್ಮ. ಅದು ಚಳಿಗಾಲದಲ್ಲಿ ಮಳೆ, ಬೇಸಿಗೆ ಪೂರ್ತಿ ಒಣ ಇರುವ ಹವೆಯ ಗಿಡ. ನಿಮ್ಮ ಜೂನ್, ಜುಲೈ ಕಳೆಯುವಷ್ಟರಲ್ಲಿ ಬೇರು ಕೊಳೆಯುತ್ತದೆ. ಹೊರದೇಶದ ಬೀಜವನ್ನು ಅನುಮತಿ, ತಪಾಸಣೆ ಇಲ್ಲದೆ ಬ್ಯಾಗಿನಲ್ಲಿ ತರುವುದಕ್ಕೂ ಕಾನೂನು ಬಿಡುವುದಿಲ್ಲ. ತುಂಬೆ ಬಿಡಿ ಕುಂಡದಲ್ಲಿ. ಚಿಟ್ಟೆ, ಸಣ್ಣ ಜೇನು ತಾವಾಗಿ ಬರುತ್ತವೆ, ಶಿವರಾತ್ರಿಗೆ ಹೂವೂ ಆದೀತು.

ಪ್ರಶ್ನೆ: ಮುಂದಿನ ವರ್ಷ ನಾನೂ ಮಗಳ ಬಾಣಂತನಕ್ಕೆ ಸ್ಯಾನ್ ಡಿಯಾಗೋಗೆ ಹೋಗುವವಳಿದ್ದೇನೆ. ಗಿಡಗಳೆಂದರೆ ಇಷ್ಟ. ಈ ಹೂವನ್ನು ಎಲ್ಲಿ, ಯಾವಾಗ ನೋಡಬಹುದು?
– ಓದುಗಿ, ತುಮಕೂರು

ಉತ್ತರ: ಏಪ್ರಿಲ್‌ನಿಂದ ಜುಲೈವರೆಗೆ ಹೂ ಇರುತ್ತದೆ, ಮೇ ತಿಂಗಳು ಚೆನ್ನ. ಮಿಷನ್ ಟ್ರೇಲ್ಸ್‌ನಲ್ಲಿ ಮೊದಲು ಸಂದರ್ಶಕರ ಕೇಂದ್ರಕ್ಕೆ ಹೋಗಿ. ಕುಮಿಯಾಯ್ ಜನರ ಬದುಕಿನ ಬಗ್ಗೆ ಅಲ್ಲಿ ನೋಡಿಕೊಂಡು ಬೆಟ್ಟಕ್ಕೆ ಕಾಲಿಟ್ಟರೆ ಗಿಡ ಬೇರೆಯಾಗಿ ಕಾಣುತ್ತದೆ. ಒಳಗಿರುವ ಹಳೆಯ ಮಿಷನ್ ಅಣೆಕಟ್ಟನ್ನೂ ನೋಡಿ, ಅದನ್ನು ಕಟ್ಟಿದ್ದು ಕುಮಿಯಾಯ್ ಜನರ ದುಡಿಮೆ. ಒಂಬತ್ತು ಗಂಟೆಯ ಹೊತ್ತಿಗೆ ಬಿಸಿಲು ಏರುತ್ತ ದುಂಬಿಗಳು ಚುರುಕಾಗುತ್ತವೆ. ಒಂದೇ ಪೊದೆಯ ಮುಂದೆ ಅರ್ಧ ಗಂಟೆ ಅಲುಗದೆ ನಿಲ್ಲಿ. ಎಲೆ ಮುಟ್ಟಿ ಮೂಸಿ, ಕೀಳಬೇಡಿ. ಒಂದು ಕೈಮಸೂರ, ಟೋಪಿ, ನೀರು ಜೊತೆಗಿರಲಿ. ದಾರಿ ಬಿಟ್ಟು ಪೊದೆಯೊಳಗೆ ಇಳಿಯಬೇಡಿ, ಆ ಕಾಲದಲ್ಲಿ ಗಿಲಕಿ ಹಾವುಗಳೂ ಬಿಸಿಲು ಕಾಯಲು ಬಂದಿರುತ್ತವೆ. ಕೆಳತುಟಿ ಜಗ್ಗಿ ಬಾಗಿಲು ತೆರೆಯುವುದನ್ನು ಕಂಡ ದಿನ ನನಗೊಂದು ಕಾಗದ ಬರೆಯಿರಿ.